ಗೌರಜ್ಜಿಯ ಹಲ್ಲು, ತುಂಗಾಳ ಬಾಯಿ

ನಮ್ಮೂರಿನಲ್ಲಿ ಹಾಲುಹಲ್ಲು ಮಾತ್ರ ಮಗುವಿನ ಸ್ವಂತದ್ದು. ಅದು ಬಿದ್ದ ಮೇಲೆ ಬರುವುದು ಮನೆಯಲ್ಲಿ ತೀರಿಹೋದ ಯಾರದೋ ಹಲ್ಲು. ತಾತನದ್ದೋ ಮುತ್ತಜ್ಜಿಯದ್ದೋ, ತಂದೆಯ ಕಡೆಯದ್ದೋ ತಾಯಿಯ ಕಡೆಯದ್ದೋ, ಮೊದಲೇ ಹೇಳಲಾಗದು. ಸತ್ತವರು ಹೇಗೆ ಇಟ್ಟುಕೊಂಡಿದ್ದರೋ ಹಾಗೆಯೇ ಬರುತ್ತದೆ. ಮುಕ್ಕಾಗಿದ್ದರೆ ಮುಕ್ಕು, ಹುಳುಕಾಗಿದ್ದರೆ ಹುಳುಕು. ಚಿನ್ನದ ಕಟ್ಟು ಹಾಕಿಸಿಕೊಂಡವರದಾದರೆ ಕಟ್ಟಿನ ಸಮೇತ ಬರುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಸಂತೆಗೆ ಕಳಿಸುವುದಿಲ್ಲ. ಯಾರ ಹಲ್ಲೆಂದು ಗುರುತು ಹಿಡಿಯಲೆಂದೇ ನಮ್ಮೂರಿನ ಗೋಡೆಗಳ ಮೇಲೆ ತೂಗುವ ಹಿರಿಯರ ಫೋಟೋಗಳೆಲ್ಲ ಹಲ್ಲು ಬಿಟ್ಟಿರುತ್ತವೆ. ಪರವೂರಿನಿಂದ ಬಂದವರು ಅದನ್ನು ನೋಡಿ, ಎಷ್ಟು ಸಂತೋಷವಾಗಿದ್ದ ಜನ ಎಂದುಕೊಳ್ಳುತ್ತಾರೆ.

ನನ್ನ ಹೆಸರು ರುದ್ರಾಣಿ. ನನ್ನ ಬಾಯಲ್ಲಿರುವುದು ಮುತ್ತಾತ ಬೋರಯ್ಯನ ಹಲ್ಲು. ಆತ ಬದುಕಿಡೀ ಹೊಗೆಸೊಪ್ಪು ಜಗಿದ. ನಾನು ಹೊಗೆಸೊಪ್ಪನ್ನು ಮೂಸಿ ನೋಡಿದವಳೂ ಅಲ್ಲ, ಆದರೂ ಎರಡನೇ ಕ್ಲಾಸಿನಿಂದ ಕಪ್ಪು ಹಲ್ಲಿನವಳು. ನಗುವಾಗ ಕೈ ಅಡ್ಡ ಇಟ್ಟುಕೋ ಎಂದು ಅಮ್ಮ ಹೇಳಿಕೊಟ್ಟಿದ್ದಳು. ನಾನು ಇಟ್ಟುಕೊಳ್ಳಲಿಲ್ಲ. ದೊಡ್ಡಮನೆಯ ಕಿರಿಯ ಮಗ ಇಂದುಶೇಖರ ನನ್ನನ್ನು ಕಣ್ಣೆತ್ತಿ ನೋಡಿದ್ದು ಆ ನಗುವಿನಿಂದಲೇ ಎಂದು ಆಮೇಲೆ ಹೇಳುತ್ತಿದ್ದ. ದೊಡ್ಡಮನೆಯೆಂದರೆ ಅಕ್ಕಿ ಗಿರಣಿ, ಮಳಿಗೆಗಳ ಸಾಲು, ಊರಿನ ಅರ್ಧ ಕಟ್ಟಡ. "ಹುಳುಕಿನ ವಂಶದ ಹೆಣ್ಣು ತಂದ್ರೆ ನಾಳೆ ಮೊಮ್ಮಕ್ಕಳ ಬಾಯಿ ಏನಾಗ್ಬೇಕು?" ಎಂದು ಅವರು ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಂದುಶೇಖರ ಉಟ್ಟಬಟ್ಟೆಯಲ್ಲಿ ಹೊರಗೆ ಬಂದ. ಬಸ್ ನಿಲ್ದಾಣದ ಪಕ್ಕದ ಒಂದು ಚಿಕ್ಕ ಮಳಿಗೆಯನ್ನು ಮಾತ್ರ ಅವನ ಪಾಲಿಗೆಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಅಲ್ಲಿ ನಾನು ಬಾಣಲೆ ಇಟ್ಟೆ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ. ಹಲ್ಲನ್ನು ಒಡವೆಯಂತೆ ಕಾಯುವ ಊರಿನಲ್ಲಿ ಗಟ್ಟಿ ತಿಂಡಿ ಮಾರುವುದು ಮರ್ಯಾದೆಯ ಕೆಲಸವಲ್ಲ. ಆದರೆ ಆಸೆ ಯಾರನ್ನು ಬಿಟ್ಟಿದೆ? ಆ ಕಡೆ ಈ ಕಡೆ ನೋಡಿ, ಪೊಟ್ಟಣ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುವವರು ದಿನವೂ ಇದ್ದರು.

ಮಗಳು ತುಂಗಾಳಿಗೆ ಮೂರು ವರ್ಷವಾಗಿದ್ದಾಗ ಇಂದುಶೇಖರ ಕಾಮಾಲೆಯಿಂದ ತೀರಿಕೊಂಡ. ದೊಡ್ಡಮನೆಯವರು ಬಂದರು, ಮಣ್ಣು ಹಾಕಿದರು, ಹೋದರು. ತಾಯಿ ಮಗಳು ಉಂಡಿರಾ ಎಂದು ಆಮೇಲೆ ಯಾರೂ ಕೇಳಲಿಲ್ಲ. ಕೇಳಲಿ ಎಂದು ನಾನೂ ಹೋಗಿ ನಿಲ್ಲಲಿಲ್ಲ.

ತುಂಗಾಳಿಗೆ ಏಳು ತುಂಬುವಾಗ ಮುಂದಿನ ಹಾಲುಹಲ್ಲು ಬಿದ್ದವು. ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ, ಯಾರದಾದರೂ ಬರಲಿ, ಬೋರಯ್ಯನದು ಬೇಡ. ಮೊದಲನೆಯದು ಬೆಳ್ಳಗೆ ಇಣುಕಿದಾಗ ನನಗೆ ಅಳು ಬಂತು. ಪಕ್ಕದ್ದು ಬಂತು, ಅದರ ಪಕ್ಕದ್ದು ಬಂತು. ಕೊನೆಗೆ ಬಂದದ್ದು ಸ್ವಲ್ಪವೇ ಓರೆ. ಆ ಓರೆಯಿಂದಲೇ ಇಡೀ ಸಾಲಿಗೆ ಒಂದು ಚೆಂದ. ಅದನ್ನು ಗುರುತು ಹಿಡಿಯದವರು ಊರಿನಲ್ಲಿಲ್ಲ. ದೊಡ್ಡಮನೆಯ ಪಡಸಾಲೆಯಲ್ಲಿರುವ ಗೌರಜ್ಜಿಯ ಫೋಟೋದ ಒಂದು ಪ್ರತಿ ಹಲ್ಲಿನ ಡಾಕ್ಟರ ಬಾಗಿಲಲ್ಲಿದೆ, ಇನ್ನೊಂದು ಸ್ಟುಡಿಯೋದ ಗಾಜಿನೊಳಗಿದೆ. ಗೌರಜ್ಜಿ ನನ್ನ ಗಂಡನ ಅಜ್ಜಿ, ಅಂದರೆ ನನ್ನ ಅತ್ತೆಯ ಅತ್ತೆ. ಸಾಯುವಾಗಲೂ ಆಕೆಯ ಒಂದೇ ಒಂದು ಹಲ್ಲು ಅಲುಗಿರಲಿಲ್ಲವಂತೆ. ಅವು ತಮ್ಮ ಮಕ್ಕಳಲ್ಲಿ ಯಾರಿಗೆ ಬಂದಾವೆಂದು ದೊಡ್ಡಮನೆಯವರು ಕಾದರು, ಮೊಮ್ಮಕ್ಕಳಲ್ಲಿ ಯಾರಿಗೆ ಬಂದಾವೆಂದು ಕಾದರು. ಬಂದದ್ದು ಕೋಡುಬಳೆ ಮಾರುವವಳ ಮಗಳಿಗೆ.

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ನನ್ನ ಗಂಡನ ಅಣ್ಣ ಪಾಲಾಕ್ಷಪ್ಪ. ನಾನು ಹಿಟ್ಟು ನಾದುತ್ತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಸೀದಾ ತುಂಗಾಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಎಲ್ಲಿ ಪುಟ್ಟಿ, ಒಂದ್ಸಲ ಬಾಯಿ ತೆಗಿ."

ತುಂಗಾ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಾಯಿ ತೆರೆದಳು. ಪಾಲಾಕ್ಷಪ್ಪನವರ ಕಣ್ಣು ತುಂಬಿಕೊಂಡಿತು. "ನಮ್ಮಜ್ಜಿ," ಎಂದರು. ಆ ಕಣ್ಣೀರು ನಿಜವಾದದ್ದೇ, ನಾನು ಸುಳ್ಳು ಹೇಳುವುದಿಲ್ಲ. ಒರೆಸಿಕೊಂಡು ಎದ್ದ ಮೇಲೆ ಅವರ ದನಿ ಮತ್ತೆ ಗಿರಣಿಯ ಯಜಮಾನರದ್ದಾಯಿತು.

"ರುದ್ರಾಣಿ, ಇವಳು ಇನ್ಮೇಲೆ ನಮ್ಮನೇಲಿರ್ಲಿ."

"ಯಾಕೆ ಭಾವ?"

"ಯಾಕೆ ಅಂತ ಬೇರೆ ಕೇಳ್ತೀಯ? ಈ ಎಣ್ಣೆ ಹೊಗೇಲಿ, ಈ ಕಲ್ಲಿನಂಥ ತಿಂಡಿ ಮಧ್ಯೆ, ಆ ಹಲ್ಲು ಎಷ್ಟು ದಿನ ಉಳಿಯುತ್ತೆ?"

"ಇವಳಪ್ಪ ಹೋದಾಗ ಇವಳಿಗೆ ಮೂರು ವರ್ಷ. ಆಗ್ಲೂ ನಿಮ್ಮನೇಲಿ ಜಾಗ ಇತ್ತು. ಬಾಯಲ್ಲಿ ಬರೀ ಹಾಲುಹಲ್ಲಿತ್ತು ಅಂತ ಕರೀಲಿಲ್ವಾ?"

ಅವರ ಮುಖ ಕೆಂಪಾಯಿತು. "ಮಾತಿಗೆ ಮಾತು ಬೆಳೆಸ್ಬೇಡ. ಬಾಯಿ ನಿನ್ನ ಮಗಳದು. ಹಲ್ಲು ನಮ್ಮಜ್ಜಿಯದು."

ಅವರು ತುಂಗಾಳ ಕಡೆ ತಿರುಗಿ, ಯಾವುದರಲ್ಲಿ ಹಲ್ಲುಜ್ಜುತ್ತೀಯ ಎಂದು ಕೇಳಿದರು. "ನೀಲಿ ಬ್ರಶ್ಶಲ್ಲಿ. ಅದರ ಕೂದ್ಲೆಲ್ಲ ಬಗ್ಗೋಗಿದೆ," ಎಂದಳು ಮಗಳು, ಏನೂ ಮುಚ್ಚಿಡದೆ. ಪಾಲಾಕ್ಷಪ್ಪನವರು ಕಣ್ಣು ಮುಚ್ಚಿಕೊಂಡರು. ಕರೆಂಟಿನ ಬ್ರಶ್ಶು ಕಳಿಸುತ್ತೇನೆ, ಇರುವುದರಲ್ಲೇ ದೊಡ್ಡದು, ಅದರಲ್ಲೇ ಉಜ್ಜಿಸು ಎಂದರು. ಸಂಕ್ರಾಂತಿಯಾದ ಮೇಲೆ ಅಜ್ಜಿಯ ತಿಥಿ ಬರುತ್ತದೆ, ಆವತ್ತು ಹಲ್ಲು ತೋರಿಸುವ ಶಾಸ್ತ್ರ ಮಾಡೋಣ, ಶಾಸ್ತ್ರ ಮುಗಿದ ಮೇಲೆ ಮಗುವನ್ನು ಅಲ್ಲೇ ಬಿಟ್ಟು ಹೋಗು ಎಂದರು. ಯಾರ ಹಲ್ಲು ಬಂದಿದೆಯೋ ಅವರ ಫೋಟೋದ ಮುಂದೆ ಮಗುವನ್ನು ನಿಲ್ಲಿಸಿ ನಗಿಸುವುದು ನಮ್ಮೂರಿನ ಶಾಸ್ತ್ರ. ಎಂಥ ಜಗಳವಿದ್ದರೂ ಅದನ್ನು ಯಾರೂ ತಪ್ಪಿಸುವುದಿಲ್ಲ.

"ಶಾಸ್ತ್ರಕ್ಕೆ ಬರ್ತೀವಿ," ಎಂದೆ. "ಬ್ರಶ್ಶು ಕಳಿಸ್ಬೇಡಿ. ನನ್ನ ಮಗಳಿಗೆ ಬ್ರಶ್ಶು ನಾನೇ ತರ್ತೀನಿ."

ಬಾಯಲ್ಲಿ ಹಾಗೆಂದರೂ ಅವರು ಹೋದ ಮೇಲೆ ನನಗೆ ಹೆದರಿಕೆ ಹತ್ತಿಕೊಂಡಿತು. ಒಂದು ಹುಳುಕು, ಒಂದು ಕಲೆ ಕಂಡರೂ ಸಾಕು, ನೋಡಿ ತಾಯಿಯಾದವಳು ಹಾಳುಮಾಡಿದಳು ಎನ್ನುತ್ತಾರೆ. ಹೊಸ ಬ್ರಶ್ಶು ತಂದೆ. ಬೆಳಿಗ್ಗೆ ಸಂಜೆ ತುಂಗಾಳ ಗದ್ದ ಹಿಡಿದು ನಾನೇ ಉಜ್ಜತೊಡಗಿದೆ. ಅವಳು ಕೊಸರಾಡಿದಷ್ಟೂ ಗಟ್ಟಿಯಾಗಿ ಹಿಡಿದೆ. ಒಂದು ದಿನ ಅವಳು ಉಗಿದ ನೀರು ಕೆಂಪಾಗಿತ್ತು. ಅವಳು ಅಳಲೂ ಇಲ್ಲ. "ಅಮ್ಮಾ, ಗೌರಜ್ಜಿಗೆ ನೋವಾಗ್ತಿದ್ಯೇನೋ," ಎಂದಳು. ನಾನು ಬ್ರಶ್ಶು ಬಿಸಾಕಿ ಅವಳನ್ನು ಎತ್ತಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರ್ ಫಿಲೋಮಿನಾ ಬೇರೆ ಊರಿನಿಂದ ಬಂದು ಇಲ್ಲೇ ನೆಲೆಯಾದವರು. ತುಂಗಾಳ ವಸಡು ನೋಡಿ ನನ್ನ ಕಡೆ ತಿರುಗಿದರು.

"ಯಾರು ಉಜ್ಜಿದ್ದು?"

"ನಾನೇ ಡಾಕ್ಟ್ರೇ."

"ತಳ ಹಿಡಿದ ಪಾತ್ರೆ ಅಂದ್ಕೊಂಡ್ರಾ? ಹೀಗೆ ತಿಕ್ಕಿದ್ರೆ ಹುಳುಕು ತಿನ್ನೋಕೆ ಮುಂಚೆ ನೀವೇ ತಿಂದು ಮುಗಿಸ್ತೀರ."

ನನಗೆ ನಾಚಿಕೆಯಾಯಿತು. ಕೈಬ್ರಶ್ಶಿನಿಂದ ಏನೂ ತೊಂದರೆಯಿಲ್ಲ, ಸಮಾಧಾನವಾಗಿ ಉಜ್ಜಿದರೆ ಅದೇ ಸಾಕು ಎಂದು ಅವರು ಹೇಳಿದರು. "ಆದ್ರೆ ಈ ಹುಡುಗಿ ತಾನೇ ಉಜ್ಜಿದ್ರೆ ಅರ್ಧ ನಿಮಿಷಕ್ಕೆ ಉಗೀತಾಳೆ. ನೀವು ಉಜ್ಜಿದ್ರೆ ರಕ್ತ ಬರುತ್ತೆ. ನಿಮ್ಮಿಬ್ರಿಗೂ ಕರೆಂಟ್ ಬ್ರಶ್ಶೇ ವಾಸಿ."

"ದೊಡ್ಡಮನೆಯವ್ರು ಹೇಳ್ತಾರಲ್ಲ, ಆ ದೊಡ್ಡದೇ ಆಗ್ಬೇಕಾ?"

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಆ ಕಟ್ಟಡವೂ ದೊಡ್ಡಮನೆಯದೇ. ದನಿ ಇಳಿಸಿ ಹೇಳಿದರು: "ಜಾಸ್ತಿ ಒತ್ತಿದ್ರೆ ದೀಪ ಹತ್ಬೇಕು. ಎರಡು ನಿಮಿಷ ಆದ್ಮೇಲೆ ತಾನಾಗೇ ನಿಲ್ಬೇಕು. ಮಕ್ಕಳ ಬಾಯಿಗೆ ಹೋಗೋವಷ್ಟು ಚಿಕ್ಕ ತಲೆ, ಮೆತ್ತನೆ ಕೂದ್ಲು. ಇಷ್ಟಿದ್ರೆ ಹಲ್ಲಿಗೆ ಸಾಕು. ಅದಕ್ಕಿಂತ ಹೆಚ್ಚಿಂದು ಬೇಕಾದ್ರೆ ನಿಮ್ಮಿಷ್ಟ, ನಿಮ್ಮ ದುಡ್ಡು."

ಅಲ್ಲಿಂದ ಸೀದಾ ಹಯಾತಣ್ಣನ ಅಂಗಡಿಗೆ ಹೋದೆ. ಹಯಾತಣ್ಣ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವವನು. ಈಗ ಎರಡು ವರ್ಷದಿಂದ ಅವನ ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಬರೀ ಕರೆಂಟ್ ಬ್ರಶ್ಶುಗಳು. ನಮ್ಮೂರಿನಲ್ಲಿ ಅವು ಬಂಗಾರಕ್ಕಿಂತ ಚೆನ್ನಾಗಿ ಓಡುತ್ತವೆ. ಕಂಪನಿಯ ಹೆಸರು ಜನರ ನಾಲಿಗೆಗೆ ಹೊರಳುವುದಿಲ್ಲವೆಂದು ಅವನೇ ಹೆಸರಿಟ್ಟಿದ್ದಾನೆ. ಎಲ್ಲಕ್ಕಿಂತ ದೊಡ್ಡದು ರಾಜ, ಅದರ ಕೆಳಗಿನದು ಮಂತ್ರಿ, ಅದರ ಕೆಳಗೆ ಸಿಪಾಯಿ, ಸೆಲ್ಲು ಹಾಕಿ ಓಡಿಸುವುದು ಕೂಲಿ.

"ಬಾ ತಂಗೀ. ವಿಷಯ ಊರಿಗೆಲ್ಲ ಗೊತ್ತು. ಗೌರಜ್ಜಿ ಹಲ್ಲಿಗೆ ರಾಜಾನೇ ಸರಿ," ಎಂದು ಹೊರತೆಗೆದ. ಅಂಚಿಗೆ ಹೊಂಬಣ್ಣ. ಇಡಲು ಗಾಜಿನ ಲೋಟ, ಲೋಟದಲ್ಲಿಟ್ಟರೆ ತಾನೇ ಚಾರ್ಜಾಗುತ್ತದೆ. ಊರಿಗೆ ಒಯ್ಯಲು ಚರ್ಮದ ಪೆಟ್ಟಿಗೆ. "ಆರು ಥರ ಓಡುತ್ತೆ. ಹಲ್ಲಿಗೊಂದು, ವಸಡಿಗೊಂದು, ನಾಲಿಗೆಗೊಂದು, ಬೆಳ್ಳಗಾಗೋಕೊಂದು..."

"ನಿಮ್ಮನೇಲೂ ಇದೇ ಇದ್ಯಾ ಹಯಾತಣ್ಣ?"

"ಇದೆಯಲ್ಲ ಮತ್ತೆ."

"ಆರರಲ್ಲಿ ನೀವು ಯಾವ್ದು ಹಾಕ್ತೀರಾ?"

ಅವನು ಕಿವಿ ಕೆರೆದುಕೊಂಡ. "ಮೊದಲ್ನೇದು."

"ಉಳಿದದ್ದು?"

"ತಂದ ವಾರ ಎಲ್ಲಾ ಹಾಕಿ ನೋಡಿದ್ದೆ."

ನನಗೆ ನಗು ಬಂತು. ಅವನಿಗೂ ಬಂತು. ನಾನು ಡಾಕ್ಟರು ಹೇಳಿದ್ದನ್ನು ಒಂದೊಂದಾಗಿ ಕೇಳಿದೆ. ರಾಜನಿಗೆ ಒತ್ತಿದರೆ ಹತ್ತುವ ದೀಪವಿದೆ. ಮಂತ್ರಿಗಿದೆ. ಸಿಪಾಯಿಗೂ ಇದೆ. ಎರಡು ನಿಮಿಷಕ್ಕೆ ಮೂರೂ ನಿಲ್ಲುತ್ತವೆ. ಕೂಲಿಗೆ ಮಾತ್ರ ಎರಡೂ ಇಲ್ಲ; ಕೈಗೆ ಒತ್ತಿ ನೋಡಿದರೆ ಅದರ ಕೂದಲು ಕಸಬರಿಕೆಯ ಕಡ್ಡಿಯಂತಿತ್ತು. ಅದನ್ನು ಬದಿಗಿಟ್ಟೆ. ಅಗ್ಗವೆಂದು ಎಲ್ಲವನ್ನೂ ತರಲಾಗುತ್ತದೆಯೇ?

"ಬದಲಿ ತಲೆ ಸಿಗುತ್ತಾ?" ಎಂದು ಕೇಳಿದೆ. ಮೂರು ತಿಂಗಳಿಗೊಮ್ಮೆ ಬ್ರಶ್ಶಿನ ತಲೆ ಬದಲಿಸಬೇಕಂತೆ. ಸಿಪಾಯಿಯದು, ಮಕ್ಕಳ ಬಾಯಿಗಾಗುವ ಮೆತ್ತನೆಯ ಚಿಕ್ಕದೂ ಸೇರಿ, ಯಾವಾಗಲೂ ಸಿಗುತ್ತದೆ. ರಾಜನದನ್ನು ಹೊರಗಿನಿಂದ ತರಿಸಬೇಕು, ಆ ಒಂದು ತಲೆಯ ಬೆಲೆಗೆ ಇಡೀ ಸಿಪಾಯಿಯೇ ಬರುತ್ತದೆ.

"ಹಾಗಾದ್ರೆ ರಾಜನ ಹೆಚ್ಚುಗಾರಿಕೆ ಏನು, ಬಾಯಿ ಬಿಟ್ಟು ಹೇಳಿ."

"ಸದ್ದು ಕಮ್ಮಿ. ಸಿಪಾಯಿ ಕಾಫಿಪುಡಿ ಮಿಷನ್ ಥರ ಗೊರಗುಟ್ಟುತ್ತೆ, ನಿಜ ಹೇಳ್ತೀನಿ. ಚಾರ್ಜೂ ಬೇಗ ಇಳಿಯುತ್ತೆ. ಇನ್ನೊಂದು ಏನಂದ್ರೆ..." ಹಯಾತಣ್ಣ ತನ್ನ ಫೋನು ತೆಗೆದು ತೋರಿಸಿದ. ಅದರಲ್ಲಿ ಒಂದು ಬಾಯಿಯ ಚಿತ್ರವಿತ್ತು. "ಎಲ್ಲಿ ಉಜ್ಜಿದೆ, ಎಲ್ಲಿ ಬಿಟ್ಟಿದೆ, ಎಷ್ಟೊತ್ತು ಉಜ್ಜಿದೆ, ಎಲ್ಲಾ ಫೋನಿಗೆ ಬರುತ್ತೆ. ಪಾಲಾಕ್ಷಪ್ಪನೋರು ನಿನ್ನೇನೇ ಒಂದು ರಾಜ ತಗೊಂಡು ಅವರ ಫೋನಿಗೆ ಹಾಕಿಸ್ಕೊಂಡು ಹೋದ್ರು."

"ಅವರ ಫೋನಿಗಾ?"

"ಹೂಂ. ಮಗಳ ಬಾಯಿ ನಿನ್ನ ಹತ್ರ ಇದ್ರೂ..." ಎಂದು ಅವನು ಮಾತು ನುಂಗಿಕೊಂಡ.

ನಾನು ಸಿಪಾಯಿಯನ್ನು ಕಟ್ಟಿಸಿಕೊಂಡೆ. ಬಡತನಕ್ಕೆ ಕೊಂಡದ್ದಲ್ಲ, ಹಟಕ್ಕೆ ಕೊಂಡದ್ದೂ ಅಲ್ಲ. ನೋಡಿ, ಕೇಳಿ, ತೂಗಿ ಕೊಂಡೆ. ಹಟ ಹುಟ್ಟಿದ್ದು ಆಮೇಲೆ, ಗಿರಣಿಯ ಆಳು ರಾಜನ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಾಗ. ಪೆಟ್ಟಿಗೆಯನ್ನು ತೆರೆಯದೆ ಅವನ ಕೈಗೇ ವಾಪಸ್ಸು ಕೊಟ್ಟೆ, ಮೇಲೊಂದು ಪೊಟ್ಟಣ ನಿಪ್ಪಟ್ಟು ಇಟ್ಟೆ. "ಯಜಮಾನ್ರಿಗೆ ಕೊಡಪ್ಪ. ಬರಿಗೈಲಿ ಕಳಿಸಿದ್ಳು ಅನ್ನಿಸ್ಕೋಬಾರ್ದು."

ಸಿಪಾಯಿ ಬಂದ ಮೇಲೆ ನಮ್ಮ ಮನೆಯ ಬೆಳಗು ಬೇರೆಯಾಯಿತು. ಅದು ನಿಜಕ್ಕೂ ಗೊರಗುಟ್ಟುತ್ತಿತ್ತು. ಅದರ ಜೊತೆಗೆ ತುಂಗಾ ಮೂಗಿನಲ್ಲೇ ರಾಗ ಎಳೆಯುತ್ತ ಹಿತ್ತಲಲ್ಲಿ ಓಡಾಡುತ್ತಿದ್ದಳು. ತಾನಾಗಿ ನಿಲ್ಲುವವರೆಗೆ ನಿಲ್ಲಿಸಬಾರದು ಎನ್ನುವುದೇ ಅವಳಿಗೊಂದು ಆಟ. ಒತ್ತಿದರೆ ಹತ್ತುವ ಕೆಂಪು ದೀಪಕ್ಕೆ ಅವಳು ಅಮ್ಮನ ದೀಪ ಎಂದು ಹೆಸರಿಟ್ಟಳು, ಏಕೆಂದರೆ ನಾನು ಹಿಡಿದಾಗ ಮಾತ್ರ ಅದು ಹತ್ತುತ್ತಿತ್ತು. ಕ್ರಮೇಣ ನಾನೂ ಕೈ ಹಗುರ ಮಾಡುವುದನ್ನು ಕಲಿತೆ. ವಸಡು ಮಾಯಿತು. ಆದರೆ ಒಂದು ಮಾತು ಹೇಳಬೇಕು. ಅವಳು ಕಲ್ಲುಸಕ್ಕರೆ ಬಾಯಿಗಿಟ್ಟರೆ ನನ್ನ ಜೀವ ಹಾರುತ್ತಿತ್ತು. ನನ್ನದೇ ಬಾಣಲೆಯಿಂದ ಕೋಡುಬಳೆ ಎತ್ತಿಕೊಂಡರೆ, ಆರಲಿ, ನೆನೆಸಿಕೊಡುತ್ತೇನೆ, ಆಮೇಲೆ ತಿನ್ನು ಎನ್ನುತ್ತಿದ್ದೆ. ಊರಿಗೆಲ್ಲ ಮಾರುವವಳು ಮಗಳಿಗೆ ಮಾತ್ರ ಹಾಲಲ್ಲಿ ಅದ್ದಿ ಕೊಡುತ್ತಿದ್ದೆ. ದೊಡ್ಡಮನೆಯವರು ದೂರದಿಂದ ಕಾಯುತ್ತಿದ್ದುದನ್ನು ನಾನು ಹತ್ತಿರದಿಂದ ಕಾಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ತಿಥಿಯ ದಿನ ಬಂತು. ತುಂಗಾಳಿಗೆ ಹಸಿರು ಲಂಗ ಹಾಕಿ ಕೈ ಹಿಡಿದುಕೊಂಡು ದೊಡ್ಡಮನೆಯ ಮೆಟ್ಟಿಲು ಹತ್ತಿದೆ. ಮದುವೆಯಾದ ಮೇಲೆ ನಾನು ಆ ಹೊಸಿಲು ದಾಟಿದ್ದು ಅದೇ ಮೊದಲು. ಪಡಸಾಲೆಯ ತುಂಬ ನೆಂಟರು, ಊರಿನ ನಾಲ್ಕು ಜನ ಹಿರಿಯರು, ಮೂಲೆಯಲ್ಲಿ ಡಾಕ್ಟರ್ ಫಿಲೋಮಿನಾ. ಗೋಡೆಯ ಮೇಲೆ ಗೌರಜ್ಜಿಯ ಫೋಟೋ, ಅದಕ್ಕೆ ಸೇವಂತಿಗೆ ಹಾರ, ಎರಡೂ ಬದಿಗೆ ಸಂಕ್ರಾಂತಿಯ ಕಬ್ಬಿನ ಜಲ್ಲೆಗಳನ್ನು ಕಟ್ಟಿದ್ದರು. ಫೋಟೋದ ಕೆಳಗೆ ಕುರ್ಚಿಯಲ್ಲಿ ನನ್ನ ಅತ್ತೆ ನೀಲಮ್ಮ ಕೂತಿದ್ದರು. ಬೊಚ್ಚುಬಾಯಿ, ಮಡಿಲಲ್ಲಿ ಊರುಗೋಲು. ನನ್ನನ್ನು ಕಂಡು ಅವರು ಮಾತಾಡಲಿಲ್ಲ. ಮಗ ಸತ್ತ ದಿನವೂ ಆಡಿರಲಿಲ್ಲ.

ತುಂಗಾಳನ್ನು ಫೋಟೋದ ಎದುರು ನಿಲ್ಲಿಸಿ ನಗು ಎಂದರು. ಅವಳು ನಕ್ಕಳು. ಮೇಲೆ ಫೋಟೋದಲ್ಲಿ ಒಂದು ಸಾಲು, ಕೆಳಗೆ ಮಗುವಿನ ಬಾಯಲ್ಲಿ ಅದೇ ಸಾಲು. ಹೆಂಗಸರು ಕೆನ್ನೆಗೆ ಕೈಯಿಟ್ಟುಕೊಂಡರು, ಯಾರೋ ಬಿಕ್ಕಿದರು. ಪಾಲಾಕ್ಷಪ್ಪನವರು ಬೆಳ್ಳಿ ತಟ್ಟೆಯಲ್ಲಿ ರಾಜನನ್ನು ಇಟ್ಟುಕೊಂಡು ಮುಂದೆ ಬಂದರು.

"ಇವತ್ತಿಂದ ಮಗು ಇಲ್ಲೇ ಇರುತ್ತೆ. ಇದು ಅವಳ ಬ್ರಶ್ಶು. ದೊಡ್ಡೋರೆಲ್ಲ ಇದ್ದೀರ, ಎಲ್ಲರ ಮುಂದೆ ಹೇಳ್ತಿದ್ದೀನಿ, ಅಜ್ಜಿ ಹಲ್ಲಿಗೆ ಒಂದೂ ಕಡಿಮೆ ಆಗದ ಹಾಗೆ ನೋಡ್ಕೋತೀವಿ."

ನಾನು ಚೀಲದಿಂದ ಸಿಪಾಯಿಯನ್ನು ತೆಗೆದು ತಟ್ಟೆಯಲ್ಲಿ ರಾಜನ ಪಕ್ಕಕ್ಕಿಟ್ಟೆ. ಉಜ್ಜಿ ಉಜ್ಜಿ ಅದರ ಹಿಡಿ ಮಾಸಿತ್ತು. ಒಬ್ಬಿಬ್ಬರು ನಕ್ಕರು.

"ಡಾಕ್ಟ್ರೇ," ಎಂದೆ, "ನೀವು ಮೊನ್ನೆ ಇವಳ ಬಾಯಿ ನೋಡಿದ್ದೀರ. ಇದ್ರಲ್ಲಿ ಉಜ್ಜಿದ ಹಲ್ಲು ಹೇಗಿದೆ, ಹೇಳಿ."

ಡಾಕ್ಟರು ಪಾಲಾಕ್ಷಪ್ಪನವರನ್ನು ನೋಡಿದರು, ತಮ್ಮ ಕೈಯ ಕಾಫಿ ಲೋಟವನ್ನು ನೋಡಿದರು. ಲೋಟ ಕೆಳಗಿಟ್ಟರು. "ಚೆನ್ನಾಗಿದೆ. ಇದಕ್ಕಿಂತ ಚೆನ್ನಾಗಿರೋಕೆ ಸಾಧ್ಯ ಇಲ್ಲ. ಯಾವ ಬ್ರಶ್ಶು, ಎಷ್ಟು ಕೊಟ್ಟು ತಂದ್ರು ಅಂತ ಹಲ್ಲಿಗೆ ಗೊತ್ತಾಗಲ್ಲ ಸಾರ್."

"ಇದು ಬ್ರಶ್ಶಿನ ಮಾತಲ್ಲ!" ಎಂದರು ಪಾಲಾಕ್ಷಪ್ಪ.

"ನಾನೂ ಅದನ್ನೇ ಹೇಳ್ತಿರೋದು ಭಾವ. ಬ್ರಶ್ಶಿನ ಮಾತಲ್ಲ. ನನ್ನ ಮಗಳು ಬಾಯಿ ತೆಗೆದಾಗೆಲ್ಲ ನಿಮ್ಮ ಫೋನು ಕೂಗ್ಬೇಕು ಅನ್ನೋ ಮಾತು. ಅದಾಗಲ್ಲ. ಹಲ್ಲು ನಿಮ್ಮಜ್ಜಿಯದೇ ಇರ್ಲಿ. ಬೇಕಾದ್ರೆ ಕಿತ್ಕೊಳ್ಳಿ. ಹುಡುಗಿ ಬರಲ್ಲ."

ಪಡಸಾಲೆ ಗುಜುಗುಜು ಎಂದಿತು. ಹೀಗೆಲ್ಲ ಮಾತಾಡಬಾರದಮ್ಮ ಎಂದು ಹಿರಿಯರೊಬ್ಬರು ಎದ್ದರು. ಅಷ್ಟರಲ್ಲಿ ನೆಲದ ಮೇಲೆ ಊರುಗೋಲು ಕುಟ್ಟಿದ ಸದ್ದು ಕೇಳಿತು.

"ಪಾಲಾಕ್ಷ, ಆ ಹಲ್ಲು ಯಾಕೆ ಹಾಗುಳೀತು ಗೊತ್ತೇನೋ ನಿಂಗೆ?" ಎಂದರು ನನ್ನ ಅತ್ತೆ.

ಎದ್ದಿದ್ದ ಹಿರಿಯರು ಮತ್ತೆ ಕೂತರು.

"ಹಲ್ಲು ನೋಡೇ ಸೊಸೆ ಮಾಡ್ಕೊಂಡಿದ್ರು ನಮ್ಮತ್ತೇನ. ಆಮೇಲೆ ಅನ್ನ ಕಿವುಚಿ ಹಾಕಿದ್ರು, ಗಂಜಿ ಹಾಕಿದ್ರು. ಕಡ್ಲೇಬೀಜ ಇಲ್ಲ, ಚಕ್ಕುಲಿ ಇಲ್ಲ, ಕಬ್ಬಂತೂ ಕೇಳ್ಲೇಬೇಡ. ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಅಡುಗೆಮನೇಲಿ ಕದ್ದು ಕಬ್ಬು ತಿಂತಿದ್ದೆ. ಸಿಕ್ಕಾಕ್ಕೊಂಡೆ. ಬೈತಾರೆ ಅಂದ್ಕೊಂಡೆ. ನಮ್ಮತ್ತೆ ನನ್ನ ಪಕ್ಕ ಬಂದು ಕೂತು, 'ನೀಲೂ, ನನ್ನ ಕಿವಿ ಹತ್ರ ಕಡಿಯೇ, ಹೆಂಗಿರುತ್ತೆ ಕೇಳ್ತೀನಿ' ಅಂದ್ಳು. ಕಿವಿ ಹತ್ರ ಕಡ್ದೆ. ಕಣ್ಮುಚ್ಕೊಂಡು ಕೇಳಿದ್ಳು." ಅತ್ತೆ ತಲೆಯೆತ್ತಿ ಫೋಟೋ ನೋಡಿದರು. "ಅದು ನಗು ಅಲ್ಲ ಕಣೋ. ಹಲ್ಲು ತೋರ್ಸು ಅಂದ್ರು, ತೋರ್ಸಿದ್ಳು."

ತುಂಗಾ ಫೋಟೋದ ಹತ್ತಿರ ಹೋದಳು. ಬದಿಗೆ ಕಟ್ಟಿದ್ದ ಜಲ್ಲೆಯೊಂದನ್ನು ಎರಡೂ ಕೈಯಲ್ಲಿ ಹಿಡಿದೆಳೆದಳು. ಹಾರ ಜಾರಿತು, ದಾರ ಕಿತ್ತುಹೋಯಿತು. ಜಲ್ಲೆ ಅವಳಿಗಿಂತ ಉದ್ದವಿತ್ತು. ಅದನ್ನು ಎಳೆದುಕೊಂಡು ಬಂದು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ಅವಳೇನು ಮಾಡಲಿದ್ದಾಳೆಂದು ನನಗೆ ತಿಳಿಯಿತು. ಬೇಡ, ಮೆಲ್ಲಗೆ, ಹಲ್ಲು ಎಂಬ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಇಡೀ ಪಡಸಾಲೆಯಲ್ಲಿ ನನ್ನಷ್ಟು ಹೆದರಿದವರು ಬೇರೆ ಯಾರೂ ಇರಲಿಲ್ಲ, ಪಾಲಾಕ್ಷಪ್ಪನವರೂ ಸೇರಿ. ನಾಲಿಗೆ ಕಚ್ಚಿ ಹಿಡಿದೆ. ಬೋರಯ್ಯನ ಕಪ್ಪು ಹಲ್ಲು ಆ ಹೊತ್ತಿಗೆ ಒದಗಿತು.

ತುಂಗಾ ಕಬ್ಬಿನ ತುದಿಯನ್ನು ಬಾಯಿಗಿಟ್ಟು ಸಿಪ್ಪೆ ಸೀಳಿದಳು. ಪಟ್ ಎಂದಿತು. ಹೆಂಗಸರು ಉಸಿರೆಳೆದುಕೊಂಡರು. ಆಮೇಲೆ ತಿರುಳಿಗೆ ಹಲ್ಲು ಹಾಕಿ ಕಡಿದಳು. ಆ ಸದ್ದು ಗೋಡೆಗೆ ಬಡಿದು ಬಂತು. ಗಲ್ಲದ ಮೇಲೆ ರಸ ಇಳಿಯಿತು. ಅತ್ತೆ ಕಿವಿ ಬಗ್ಗಿಸಿ, ಕಣ್ಣು ಮುಚ್ಚಿಕೊಂಡಿದ್ದರು.

ಪಾಲಾಕ್ಷಪ್ಪನವರು ಜಲ್ಲೆ ಕಿತ್ತುಕೊಳ್ಳಲು ಧಾವಿಸಿದರು. ಅತ್ತೆಯ ಊರುಗೋಲು ಅವರ ಮೊಣಕಾಲಿಗೆ ಅಡ್ಡ ಬಂತು.

"ಬಿಡೋ. ಎಷ್ಟೋ ಕಾಲದ ಮೇಲೆ ನಮ್ಮತ್ತೆ ಬಾಯಿಗೆ ಸಿಹಿ ಬಿದ್ದಿದೆ."

ಅವರು ಹಾಗೇ ನಿಂತರು. ಅವರ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಎರಡೂ ಬ್ರಶ್ಶುಗಳು ನೆಲಕ್ಕೆ ಬಿದ್ದವು. ಸಿಪಾಯಿ ಬಿದ್ದ ರಭಸಕ್ಕೆ ತಾನಾಗಿ ಶುರುವಾಗಿ ಗೊರಗುಟ್ಟುತ್ತ ನೆಲದ ಮೇಲೆ ಸುತ್ತತೊಡಗಿತು. ನಾನು ಬಗ್ಗಿ ಅದನ್ನು ಎತ್ತಿಕೊಂಡೆ. ತುಂಗಾ ಇಡೀ ಗಿಣ್ಣು ಮುಗಿಸುವವರೆಗೆ ಕಾದೆ, ಅವಸರ ಮಾಡಲಿಲ್ಲ. ಆಮೇಲೆ ಅವಳ ಅಂಟು ಕೈ ಹಿಡಿದುಕೊಂಡು ಮೆಟ್ಟಿಲಿಳಿದೆ. ಯಾರೂ ತಡೆಯಲಿಲ್ಲ.

ಅದಕ್ಕೆ ತೆರಬೇಕಾದ್ದನ್ನು ತೆತ್ತದ್ದಾಯಿತು. ಬಾಯಿಮಾತಿನಲ್ಲಿ ಕೊಟ್ಟ ಮಳಿಗೆಯನ್ನು ಬಾಯಿಮಾತಿನಲ್ಲೇ ಹಿಂದಕ್ಕೆ ಕೇಳಿದರು. ವಾರ ಕಳೆಯುವುದರೊಳಗೆ ಬೀಗ ಬಿತ್ತು. ಡಾಕ್ಟರ್ ಫಿಲೋಮಿನಾ ಅವರಿಗೂ ಬೇರೆ ಜಾಗ ನೋಡಿಕೊಳ್ಳಿ ಎಂದರಂತೆ. ಅವರು ಅಂಚೆ ಕಚೇರಿಯ ಹಿಂದೆ ಎರಡು ಕೋಣೆ ಹಿಡಿದಿದ್ದಾರೆ, ಬಾಗಿಲಲ್ಲಿ ಈಗ ಯಾರ ಫೋಟೋವೂ ಇಲ್ಲ. ನಾನು ಬಾಣಲೆ ಹೊತ್ತುಕೊಂಡು ಹೋಗಿ ದೊಡ್ಡಮನೆಯ ಗೇಟಿಗೆ ಎದುರಾಗಿರುವ ಹುಣಸೆಮರದ ಕೆಳಗೆ ಒಲೆ ಹೂಡಿದೆ. ಅದು ರಸ್ತೆಯ ಜಾಗ, ಯಾರ ಅಪ್ಪನದೂ ಅಲ್ಲ. ಎಣ್ಣೆ ಕಾದ ವಾಸನೆ ಸೀದಾ ಅವರ ಪಡಸಾಲೆಗೆ ಹೋಗುತ್ತದೆ. ಜನ ಮೊದಮೊದಲು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು, ಈಗ ಕೆಲವರು ನಿಂತು ಅಲ್ಲೇ ಕಡಿಯುತ್ತಾರೆ. ಸಂಜೆ ಅತ್ತೆ ಊರುಗೋಲು ಕುಟ್ಟಿಕೊಂಡು ಗೇಟು ದಾಟಿ ಬರುತ್ತಾರೆ. ಕಾಫಿಯಲ್ಲಿ ಕೋಡುಬಳೆ ಅದ್ದಿ ಕೊಡುತ್ತೇನೆ. ಇಂದುಶೇಖರನ ಹೆಸರು ಒಮ್ಮೆ ಬಂತು, ಇಬ್ಬರೂ ರಸ್ತೆ ನೋಡುತ್ತ ಕೂತೆವು.

ಪಾಲಾಕ್ಷಪ್ಪನವರ ಕಾರು ದಿನವೂ ನಮ್ಮ ಮುಂದೆಯೇ ಹಾದುಹೋಗುತ್ತದೆ. ಅವರು ತುಂಗಾಳ ಬಾಯಿಯ ಕಡೆ ನೋಡದೆ ಇರಲು ಪ್ರಯತ್ನಿಸುತ್ತಾರೆ, ಆಗುವುದಿಲ್ಲ. ಅವಳು ಅವರನ್ನು ಕಂಡು ಹಲ್ಲು ಬಿಡುತ್ತಾಳೆ. ಅದು ನಗುವೇ, ತೋರಿಸುವುದಲ್ಲ.

ಶಾಸ್ತ್ರದ ಮರುದಿನ ಬೆಳಿಗ್ಗೆ ಅವಳ ಹಲ್ಲುಗಳ ಸಂದಿಯಲ್ಲಿ ಕಬ್ಬಿನ ನಾರು ಸಿಕ್ಕಿಕೊಂಡಿತ್ತು. ಹಿತ್ತಲಲ್ಲಿ ಕೂರಿಸಿಕೊಂಡು ನಾನೇ ಉಜ್ಜಿದೆ. ಕೆಂಪು ದೀಪ ಹತ್ತಲಿಲ್ಲ. ಬ್ರಶ್ಶು ನಿಂತ ಮೇಲೆ ಅವಳು ಬಾಯಿ ಮುಕ್ಕಳಿಸಿ ಉಗಿದು, ಲಂಗದಲ್ಲಿ ಮುಖ ಒರೆಸಿಕೊಂಡು ಕೇಳಿದಳು.

"ಅಮ್ಮಾ, ನಾನು ಅಜ್ಜಿಯಾಗಿ ಸತ್ತೋದ್ಮೇಲೆ ಈ ಹಲ್ಲು ಯಾರಿಗ್ ಹೋಗುತ್ತೆ?"

"ಯಾರಿಗಾದ್ರೂ ಹೋಗ್ಲಿ ಕಣೇ," ಎಂದೆ. "ಸವೆದು ಹೋಗ್ಲಿ."